ಓಮ್ ಮಾಸ್ತರರ ಎರಡನೆಯ ಸೂತ್ರ

ನಮ್ಮ ಎಲೆಕ್ಟ್ರಿಕ್ ಸೈಕಲ್ ಗೋಕಾಕ ಫಾಲ್ಸಿನ ಏರಿನಲ್ಲಿ ಮೂರನೆಯ ಸಲ ಕೈಕೊಟ್ಟಾಗ ಹಿಂದೆ ಕಬ್ಬು ಹೇರಿದ ಟ್ರ್ಯಾಕ್ಟರ್ ಬರ್ತಿತ್ತು, ಎರಡು ಟ್ರೇಲರ್ ಸಮೇತ. ಡ್ರೈವರ್ ಕಾಕಾ ಹೆಂಗೋ ಬ್ರೇಕ್ ಹಾಕಿ ನಿಲ್ಲಿಸಿದರು, ಆಮೇಲೆ ಬೈದರು. ಬೈದದ್ದು ಸರೀನೇ ಇತ್ತು. ಅಷ್ಟು ಭಾರದ ಗಾಡಿ ಏರಿನಲ್ಲಿ ಒಮ್ಮೆ ನಿಂತರೆ ಮತ್ತೆ ಎಳೆಯೋದು ಸುಲಭ ಅಲ್ಲ. ಇನ್ನು ಅವರು ಒಂದು ಕ್ಷಣ ತಡ ಮಾಡಿದ್ದರೆ ಈ ಲೇಖನ ಬರೆಯೋಕೆ ನಾವು ಮೂವರೂ ಇರ್ತಿದ್ದೆವೋ ಇಲ್ಲವೋ.

ನಾವು ಅಂದರೆ ಗೋಕಾಕದವನೊಬ್ಬ, ಮೂಡಲಗಿಯವನೊಬ್ಬ, ಹುಕ್ಕೇರಿಯವಳೊಬ್ಬಳು. ಹಳೇ ಸೈಕಲ್ಲು, ಹಿಂದಿನ ಗಾಲಿಗೆ ಹಬ್ ಮೋಟರ್, 52 ಲಿಥಿಯಂ ಸೆಲ್ ಜೋಡಿಸಿ ನಾವೇ ಕಟ್ಟಿದ 48 ವೋಲ್ಟಿನ ಬ್ಯಾಟರಿ. ಸಪಾಟ ರಸ್ತೆಯಲ್ಲಿ ಚೊಲೋ ಓಡುತ್ತಿತ್ತು. ಏರು ಬಂತೋ, ಫಟ್ ಅಂತ ಬಂದ್. ಥ್ರಾಟಲ್ ಬಿಟ್ಟು ಮತ್ತೆ ತಿರುವಿದರೆ ಏನೂ ಆಗೇ ಇಲ್ಲ ಅನ್ನೋ ಹಂಗ ಹೊರಡುತ್ತಿತ್ತು. ನಿಲ್ಲಿಸಿ ಮಲ್ಟಿಮೀಟರ್ ಹಿಡಿದರೆ 50 ವೋಲ್ಟ್. ಬ್ಯಾಟರಿಗೆ ಯಾವ ರೋಗವೂ ಇಲ್ಲ ಅಂತ ನಾವೇ ಸರ್ಟಿಫಿಕೇಟ್ ಕೊಟ್ಟುಕೊಂಡ್ವಿ. ಥ್ರಾಟಲ್ ಬದಲಿಸಿದ್ವಿ, ಬ್ರೇಕ್ ಲಿವರಿನ ಕಟ್‌ಆಫ್ ಸ್ವಿಚ್ಚಿನ ವೈರ್ ಬಿಚ್ಚಿ ನೋಡಿದ್ವಿ, ಸೀನಿಯರ್ ಒಬ್ಬರ ಕಂಟ್ರೋಲರ್ ಸಾಲ ತಂದು ಹಾಕಿದ್ವಿ. ಅದೇ ಹಾಡು.

ಕೊನೆಗೆ ನಮ್ಮ ತಪ್ಪು ತೋರಿಸಿಕೊಟ್ಟವರು 1854ರಲ್ಲೇ ತೀರಿಕೊಂಡ ಒಬ್ಬ ಶಾಲಾ ಮಾಸ್ತರು. ಅವರ ಹೆಸರು ಹತ್ತನೆಯ ಇಯತ್ತೆಯಿಂದ ನಮ್ಮೆಲ್ಲರ ಬಾಯಲ್ಲಿದೆ, ಅವರ ಜೀವನ ಮಾತ್ರ ಯಾರಿಗೂ ಗೊತ್ತಿಲ್ಲ. ಜಾರ್ಜ್ ಸೈಮನ್ ಓಮ್.

ಓಮ್ ಹುಟ್ಟಿದ್ದು 1789ರ ಮಾರ್ಚ್ 16ರಂದು, ಇಂದಿನ ಜರ್ಮನಿಯ ಎರ್ಲಾಂಗೆನ್ ಎಂಬ ಊರಿನಲ್ಲಿ. ತಂದೆ ಬೀಗ ಮಾಡುವ ಕಸುಬಿನವರು. ಶಾಲೆ ಕಲಿತವರಲ್ಲ, ಆದರೆ ತಾವೇ ಓದಿಕೊಂಡು ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರವನ್ನು ಮಕ್ಕಳಿಗೆ ಕಲಿಸುವಷ್ಟು ತಯಾರಾಗಿದ್ದರು. ಏಳು ಮಕ್ಕಳಲ್ಲಿ ಬದುಕಿ ಉಳಿದವರು ಮೂವರೇ. ಓಮ್‌ಗೆ ಹತ್ತು ವರ್ಷ ಇದ್ದಾಗ ತಾಯಿ ತೀರಿಕೊಂಡರು. ತಮ್ಮ ಮಾರ್ಟಿನ್ ಮುಂದೆ ಗಣಿತದ ಪ್ರೊಫೆಸರ್ ಆದರು.

1805ರಲ್ಲಿ ಓಮ್ ಊರಿನ ವಿಶ್ವವಿದ್ಯಾಲಯ ಸೇರಿದರು. ಸೇರಿ ಮಾಡಿದ್ದೇನು? ಡಾನ್ಸು, ಐಸ್ ಸ್ಕೇಟಿಂಗ್, ಬಿಲಿಯರ್ಡ್ಸ್. ಮೂರು ಸೆಮಿಸ್ಟರ್ ಆಗುವಷ್ಟರಲ್ಲಿ ತಂದೆಯ ಸಹನೆ ಮುಗೀತು, ಮಗನನ್ನು ಕಾಲೇಜು ಬಿಡಿಸಿ ಸ್ವಿಟ್ಜರ್ಲೆಂಡಿಗೆ ಕಳಿಸಿದರು. (ಹಾಸ್ಟೆಲ್ ಗೆಳೆಯರೇ, ಈ ಪ್ಯಾರಾ ಮನೆಯಲ್ಲಿ ಓದಿ ಹೇಳಬೇಡ್ರಿ.) ಹದಿನೇಳರ ಹುಡುಗ ಅಲ್ಲಿ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಾ, ತಾನೂ ಓದುತ್ತಾ ಬೆಳೆದ. 1811ರಲ್ಲಿ ಎರ್ಲಾಂಗೆನ್‌ಗೆ ವಾಪಸ್ ಬಂದು ಡಾಕ್ಟರೇಟ್ ಪಡೆದರು. ಡಾಕ್ಟರೇಟ್ ಬಂದರೂ ಹೊಟ್ಟೆ ತುಂಬುವ ನೌಕರಿ ಸಿಗಲಿಲ್ಲ. ಬಾಂಬೆರ್ಗ್ ಊರಿನಲ್ಲಿ ಸಿಕ್ಕ ಶಾಲೆಯೂ 1816ರಲ್ಲಿ ಮುಚ್ಚಿಹೋಯ್ತು. ಬೇಸತ್ತ ಮಾಸ್ತರು ರೇಖಾಗಣಿತದ ಮೇಲೆ ಒಂದು ಪುಸ್ತಕ ಬರೆದು ಪ್ರಷ್ಯಾದ ರಾಜನಿಗೆ ಕಳಿಸಿದರು. ಅದರ ಫಲವಾಗಿ 1817ರಲ್ಲಿ ಕಲೋನ್ ನಗರದ ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿತು. ಆ ಶಾಲೆಯಲ್ಲಿ ಒಳ್ಳೆ ಭೌತಶಾಸ್ತ್ರದ ಲ್ಯಾಬ್ ಇತ್ತು. ಉಪಕರಣಗಳನ್ನು ಸರಿಮಾಡಿಕೊಳ್ಳುವ ಕೈಚಳಕ ಬೀಗದ ಮನೆಯಿಂದ ಬಂದಿತ್ತು.

1820ರಲ್ಲಿ ಕೋಪನ್‌ಹೇಗನ್‌ನಲ್ಲಿ ಅರ್ಸ್ಟೆಡ್ ಅವರು ಕರೆಂಟ್ ಹರಿಯುವ ತಂತಿ ದಿಕ್ಸೂಚಿಯ ಮುಳ್ಳನ್ನು ತಿರುಗಿಸುತ್ತದೆ ಅಂತ ತೋರಿಸಿದ್ದರು. ಅಂದರೆ ಕರೆಂಟಿನ ಬಲವನ್ನು ಮುಳ್ಳಿನಿಂದ ಅಳೆಯಬಹುದು. ಓಮ್ ಕೇಳಿದ ಪ್ರಶ್ನೆ ಸರಳ: ತಂತಿ ಉದ್ದವಾದ ಹಾಗೆ ಈ ಬಲ ಎಷ್ಟೆಷ್ಟು ಕಡಿಮೆಯಾಗುತ್ತದೆ? 1825ರಲ್ಲಿ ಅಳೆದು ಒಂದು ಸೂತ್ರ ಪ್ರಕಟಿಸಿದರು. ಅದರಲ್ಲಿ ಲಾಗರಿದಮ್ ಇತ್ತು. ಆ ಸೂತ್ರ ತಪ್ಪು.

ಹೌದು, ಓಮ್ ಅವರ ಮೊದಲನೆಯ ನಿಯಮ ತಪ್ಪಾಗಿತ್ತು! ಕಾರಣ ಓದಿದ ದಿನ ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡ್ವಿ. ಅವರು ಬಳಸಿದ್ದು ಆ ಕಾಲದ ರಾಸಾಯನಿಕ ಬ್ಯಾಟರಿ. ತಂತಿ ಜೋಡಿಸಿದ ಕೂಡಲೇ ಅದರ ಜೋರು ಇಳಿಯುತ್ತಿತ್ತು, ತಂತಿ ತೆಗೆದರೆ ಮತ್ತೆ ಚೇತರಿಸಿಕೊಳ್ಳುತ್ತಿತ್ತು. ಮಾಸ್ತರು ತಂತಿಯನ್ನು ಅಳೆಯುತ್ತಿದ್ದೇನೆ ಅಂದುಕೊಂಡಿದ್ದರು, ಆದರೆ ಕುಸಿಯುವ ಬ್ಯಾಟರಿಯೂ ಅದೇ ಅಳತೆಯಲ್ಲಿ ಬೆರೆತಿತ್ತು. ನಾವೂ ಅಷ್ಟೇ, ಸೈಕಲ್ ನಿಂತ ಮೇಲೆ ಮೀಟರ್ ಹಿಡಿದು, ಚೇತರಿಸಿಕೊಂಡ ಬ್ಯಾಟರಿಯನ್ನು ಅಳೆದು 50 ಅಂತ ಬರೆದುಕೊಂಡಿದ್ವಿ.

ಬರ್ಲಿನ್ನಿನ ಸಂಶೋಧನಾ ಪತ್ರಿಕೆಯೊಂದರ ಸಂಪಾದಕರಾಗಿದ್ದ ಪೊಗೆನ್‌ಡೋರ್ಫ್ ಅವರು ಓಮ್‌ಗೆ ಒಂದು ಸಲಹೆ ಕೊಟ್ಟರು: ಬ್ಯಾಟರಿ ಬಿಡಿ, ಥರ್ಮೋಕಪಲ್ ಬಳಸಿ. ಎರಡು ಬೇರೆ ಲೋಹಗಳ ಒಂದು ಬೆಸುಗೆ ಬಿಸಿ, ಇನ್ನೊಂದು ತಣ್ಣಗೆ ಇದ್ದರೆ ಕರೆಂಟ್ ಹುಟ್ಟುತ್ತದೆ ಎಂಬುದನ್ನು ಸೀಬೆಕ್ ಕೆಲವೇ ವರ್ಷಗಳ ಹಿಂದೆ ಕಂಡುಹಿಡಿದಿದ್ದರು. ಓಮ್ ಬಿಸ್ಮತ್ ಮತ್ತು ತಾಮ್ರದ ಜೋಡಿ ಮಾಡಿ ಒಂದು ತುದಿ ಕುದಿಯುವ ನೀರಿನಲ್ಲಿ, ಇನ್ನೊಂದು ಮಂಜುಗಡ್ಡೆಯಲ್ಲಿ ಇಟ್ಟರು. ಬಲ ಬಹಳ ಸಣ್ಣದು, ಆದರೆ ಅಲುಗಾಡುವುದಿಲ್ಲ. 1826ರ ಜನವರಿಯಲ್ಲಿ 2, 4, 6, 10, 18, 34, 66 ಮತ್ತು 130 ಅಂಗುಲದ ಎಂಟು ತಾಮ್ರದ ತಂತಿಗಳನ್ನು ಒಂದಾದ ಮೇಲೊಂದು ಜೋಡಿಸಿ ಅಳೆದರು. ಆಗ ಅವರಿಗೆ ವಯಸ್ಸು 36.

ಬಂದ ಎರಡನೆಯ ಸೂತ್ರದಲ್ಲಿ ಲಾಗರಿದಮ್ ಇರಲಿಲ್ಲ. ಕರೆಂಟಿನ ಬಲ ಬೇಕಾದರೆ ಎ ಎಂಬ ಸಂಖ್ಯೆಯನ್ನು ಬಿ ಮತ್ತು ಎಕ್ಸ್ ಕೂಡಿಸಿದ ಮೊತ್ತದಿಂದ ಭಾಗಿಸಿ. ಎಕ್ಸ್ ತಂತಿಯ ಉದ್ದ, ಎ ಮೂಲದ ಜೋರು. ಹಾಗಾದರೆ ಬಿ ಏನು? ಹೊರಗಿನ ತಂತಿ ಬಿಟ್ಟು ಉಳಿದ ಇಡೀ ಸರ್ಕ್ಯೂಟ್ ಒಡ್ಡುವ ತಡೆ. ಒಂದು ಸರಣಿಯಲ್ಲಿ ಎ 7285, ಬಿ 20.25 ಬಂದಿತ್ತು. ಲೆಕ್ಕ ಹಾಕಿ ನೋಡಿ: 2 ಅಂಗುಲದ ತಂತಿಗೆ ಸುಮಾರು 327, 4 ಅಂಗುಲಕ್ಕೆ ಸುಮಾರು 300. ತಂತಿ ಇಮ್ಮಡಿ ಆದರೂ ಬಲ ಅರ್ಧ ಆಗಲಿಲ್ಲ, ಯಾಕೆಂದರೆ ಕಣ್ಣಿಗೆ ಕಾಣದ 20 ಅಂಗುಲದಷ್ಟು ತಡೆ ಮೊದಲೇ ಒಳಗೆ ಕೂತಿತ್ತು. ಮಾಸ್ತರು ಇಷ್ಟಕ್ಕೇ ಬಿಡಲಿಲ್ಲ. ಎರಡು ತುದಿಗಳ ಉಷ್ಣತೆಯ ವ್ಯತ್ಯಾಸ ಕಡಿಮೆ ಮಾಡಿ ಮತ್ತೆ ಅಳೆದರು. ಎ ಇಳಿಯಿತು, ಬಿ ಹಾಗೇ ಇತ್ತು.

ನಮ್ಮ ಪರೀಕ್ಷೆಯ ಪುಸ್ತಕದಲ್ಲಿ ಈ ಬಿ ಕಾಣೆಯಾಗಿದೆ. ವಿ ಈಕ್ವಲ್ಸ್ ಐ ಆರ್ ಅಂತ ಬರೆದು ಎರಡು ಮಾರ್ಕ್ಸ್ ತಗೊಂಡು ಬಂದವರು ನಾವು. ಆಂತರಿಕ ರೋಧ ಅಂತ ಬೇರೆ ಪಾಠ ಇದೆ, ಅದನ್ನು ಬೇರೆಯಾಗಿಯೇ ಮರೆತಿದ್ವಿ. ಮೂಡಲಗಿಯ ಗೆಳೆಯನಿಗೆ ಮಾತ್ರ ತಟ್ಟನೆ ಮನೆಯ ಹೊಲ ನೆನಪಾಯ್ತು. ಪಂಪ್‌ಸೆಟ್ ಚಾಲೂ ಮಾಡಿದ ಕೂಡಲೇ ಗುಡಿಸಲಿನ ಬಲ್ಬು ಮಂಕಾಗ್ತದಲ್ಲ, ಅದೂ ಇದೇ ಅಂದ. ಮೋಟರ್ ಚಾಲೂ ಆಗುವಾಗ ಭಾರೀ ಕರೆಂಟ್ ಎಳೆಯುತ್ತದೆ, ಉದ್ದನೆಯ ಲೈನಿನ ತಡೆಯಲ್ಲಿ ವೋಲ್ಟೇಜ್ ಕಳೆದುಹೋಗುತ್ತದೆ. ಹುಕ್ಕೇರಿಯವಳು ಒಪ್ಪಿದಳು. 1969ರಿಂದ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಇರುವ ಊರು ಅವಳದು, ಕರೆಂಟಿನ ಮಾತು ಬಂದರೆ ಅವಳ ಮನೆಯಲ್ಲಿ ಎಲ್ಲರೂ ತಜ್ಞರೇ.

ಮರುದಿನ ಮಲ್ಟಿಮೀಟರನ್ನು ಹ್ಯಾಂಡಲ್ಲಿಗೆ ಟೇಪ್ ಸುತ್ತಿ, ಪ್ರೋಬಿನ ತುದಿ ಒಂದಕ್ಕೊಂದು ತಾಗದಂತೆ ಭದ್ರ ಮಾಡಿ, ಟ್ರಾಫಿಕ್ ಇಲ್ಲದ ಮುಂಜಾನೆ ಅದೇ ಏರಿಗೆ ಹೋದ್ವಿ. ಸಪಾಟ ರಸ್ತೆಯಲ್ಲಿ 47. ಏರಿನಲ್ಲಿ 45, 43, 41, ಬಂದ್. ಬಂದ್ ಆದ ಗಳಿಗೆಗೆ ಮತ್ತೆ 50. ಬಿಎಂಎಸ್ ಕಟ್ ಮಾಡಿದ್ದರೆ ಬ್ಯಾಟರಿಯ ಹೊರಗೆ ವೋಲ್ಟೇಜೇ ಬರುತ್ತಿರಲಿಲ್ಲ, ಇಲ್ಲಿ ಬಂತು. ಹಾಗಾಗಿ ಬ್ಯಾಟರಿ ಖಾಲಿ ಅಂತ ತಿಳಿದು ಕೈಬಿಟ್ಟದ್ದು ಕಂಟ್ರೋಲರ್, ಮತ್ತು ಅದರ ತಪ್ಪೇನೂ ಇರಲಿಲ್ಲ. ಕಂಟ್ರೋಲರಿನ ಮಿತಿ 18 ಆಂಪಿಯರ್. 9 ವೋಲ್ಟ್ ಕಳೆದರೆ ಒಳಗಿನ ಒಟ್ಟು ತಡೆ ಅರ್ಧ ಓಮ್. ನಮ್ಮ ಬಿ ಸಿಕ್ಕಿತು! ಬ್ಯಾಟರಿ ಪೂರ್ತಿ ಚಾರ್ಜ್ ಇದ್ದ ದಿನ ಇನ್ನೂ ಸ್ವಲ್ಪ ಮೇಲೆ ಹೋಗಿ ನಿಲ್ಲುತ್ತಿದ್ದುದು ಯಾಕೆ ಅಂತಲೂ ತಿಳೀತು. ಚಾರ್ಜ್ ಮಾಡಿದರೆ ಏರುವುದು ಎ, ಬಿ ಅಲ್ಲ.

ಆಮೇಲೆ ಒಂದೊಂದೇ ಜೋಡಣೆಯ ಎರಡೂ ಬದಿಗೆ ಪ್ರೋಬ್ ಇಟ್ಟು, ಏರು ಹತ್ತಿಸಿ ನೋಡಿದ್ವಿ. ಒಳ್ಳೆ ಜೋಡಣೆ ಕೆಲವೇ ಮಿಲಿವೋಲ್ಟ್ ತೋರಿಸುತ್ತದೆ. ಬ್ಯಾಟರಿಯ ಮುಖ್ಯ ಕನೆಕ್ಟರ್ 3 ವೋಲ್ಟ್ ನುಂಗುತ್ತಿತ್ತು, ಫ್ಯೂಸ್ ಹೋಲ್ಡರ್ 2 ವೋಲ್ಟ್. 3 ವೋಲ್ಟ್, 18 ಆಂಪಿಯರ್ ಅಂದರೆ 54 ವ್ಯಾಟ್, ಒಂದು ಸೋಲ್ಡರಿಂಗ್ ಐರನ್ನಿನಷ್ಟು ಶಾಖ ಬೆರಳಿನಷ್ಟು ಜಾಗದಲ್ಲಿ. ಟೇಪ್ ಬಿಚ್ಚಿದರೆ ಎರಡರ ಪ್ಲಾಸ್ಟಿಕ್ಕೂ ಕಂದು ತಿರುಗಿತ್ತು. ಟೇಪ್ ಸುತ್ತಿ ಚಂದ ಮಾಡಿದವರೂ ನಾವೇ. ಕಂಟ್ರೋಲರಿನ ಕಟ್‌ಆಫ್ ಇಳಿಸಿಬಿಡ್ರಿ ಅಂತ ಒಬ್ಬರು, ಬಿಎಂಎಸ್ ಬೈಪಾಸ್ ಮಾಡ್ರಿ ಅಂತ ಇನ್ನೊಬ್ಬರು ಹೇಳಿದ್ದರು. ಕೇಳಿದ್ದರೆ ಬೆಂಕಿ ಬೀಳುತ್ತಿತ್ತೇನೋ.

ಓಮ್ ಅವರಿಗೆ ಸರಿ ಉತ್ತರ ಸಿಕ್ಕ ಮೇಲೆಯೇ ಕಷ್ಟ ಶುರುವಾಯ್ತು. 1826ರಲ್ಲಿ ಅರ್ಧ ಸಂಬಳದ ಮೇಲೆ ರಜೆ ಪಡೆದು ಬರ್ಲಿನ್ನಿಗೆ, ತಮ್ಮನ ಹತ್ತಿರ ಹೋದರು. 1827ರಲ್ಲಿ ಸರ್ಕ್ಯೂಟಿನ ಗಣಿತದ ಪುಸ್ತಕ ಹೊರತಂದರು. ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆಗುವ ಆಸೆ ಪೂರ್ತಿ ಆ ಪುಸ್ತಕದ ಮೇಲಿತ್ತು. ಆದರೆ ಗಣಿತದಿಂದ ಭೌತಶಾಸ್ತ್ರ ಕಟ್ಟುವ ರೀತಿ ಆಗ ಅಲ್ಲಿ ಹಲವರಿಗೆ ಒಗ್ಗದ ಮಾತು. ಟೀಕೆ ಕಟುವಾಗಿತ್ತು, ಹುದ್ದೆ ಬರಲಿಲ್ಲ. 1828ರಲ್ಲಿ ಕಲೋನ್‌ನ ಕೆಲಸಕ್ಕೂ ರಾಜೀನಾಮೆ ಕೊಟ್ಟರು. ಮುಂದಿನ ವರ್ಷಗಳಲ್ಲಿ ಬರ್ಲಿನ್ನಿನಲ್ಲಿ ಸಣ್ಣಪುಟ್ಟ ಪಾಠ ಮಾಡಿ ದಿನ ದೂಡಿದರು. ಹಟಮಾರಿ ಅಂತ ನಮ್ಮಲ್ಲೊಬ್ಬರ ತೀರ್ಮಾನ, ಇರುವ ನೌಕರಿ ಬಿಡಬಾರದಿತ್ತಂತೆ. ಉಳಿದಿಬ್ಬರಿಗೆ ಹಾಗೆ ಅನ್ನಿಸಿಲ್ಲ. 1825ರ ತಪ್ಪು ಸೂತ್ರ ಅಚ್ಚಾಗಿ ಎಲ್ಲರ ಕೈಯಲ್ಲಿತ್ತು, ಅದನ್ನು ತಾವೇ ಸುಳ್ಳು ಅಂತ ತೋರಿಸಿದ ಮನುಷ್ಯ ಅದಕ್ಕಿಂತ ಕಡಿಮೆಯದಕ್ಕೆ ಹೇಗೆ ಒಪ್ಪಿಯಾರು?

1833ರಲ್ಲಿ ನ್ಯೂರೆಂಬರ್ಗ್‌ನ ಪಾಲಿಟೆಕ್ನಿಕ್ ಶಾಲೆಯಲ್ಲಿ ಕೆಲಸ ಸಿಕ್ಕಿತು. ಮಾನ್ಯತೆ ಬಂದದ್ದು ಹೊರಗಿನಿಂದ: ಲಂಡನ್ನಿನ ರಾಯಲ್ ಸೊಸೈಟಿ 1841ರಲ್ಲಿ ಕೋಪ್ಲಿ ಪದಕ ಕೊಟ್ಟಿತು, ಮರುವರ್ಷ ವಿದೇಶಿ ಸದಸ್ಯರನ್ನಾಗಿ ಆರಿಸಿತು. ಮ್ಯೂನಿಕ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪೂರ್ಣ ಪ್ರೊಫೆಸರ್ ಹುದ್ದೆ ಸಿಕ್ಕಿದ್ದು 1852ರಲ್ಲಿ, 63ನೆಯ ವಯಸ್ಸಿಗೆ. ಮದುವೆಯಾಗಿರಲಿಲ್ಲ. 1854ರ ಜುಲೈ 6ರಂದು ಅಲ್ಲೇ ತೀರಿಕೊಂಡರು. ಕುರ್ಚಿಯಲ್ಲಿ ಕೂತದ್ದು ಎರಡೇ ವರ್ಷ. 1881ರಲ್ಲಿ ಪ್ಯಾರಿಸ್ಸಿನ ಅಂತಾರಾಷ್ಟ್ರೀಯ ವಿದ್ಯುತ್ ಸಮ್ಮೇಳನ ತಡೆಯ ಮಾನಕ್ಕೆ ಅವರ ಹೆಸರನ್ನೇ ಒಪ್ಪಿಕೊಂಡಿತು. ಮಲ್ಟಿಮೀಟರಿನ ಮೇಲೆ ಕುದುರೆ ಲಾಳದಂಥ ಗುರುತು ಇದೆಯಲ್ಲ, ಅದೇ. ಅದಾಗಿ ಆರು ವರ್ಷಕ್ಕೆ, 1887ರಲ್ಲಿ, ನಮ್ಮ ಲಾಳದ ಆಕಾರದ ಗೋಕಾಕ ಜಲಪಾತದ ಶಕ್ತಿಯಿಂದ ಹತ್ತಿ ಗಿರಣಿ ನಡೆಯತೊಡಗಿತು.

ಹೊಸ ಕನೆಕ್ಟರ್, ಹೊಸ ಫ್ಯೂಸ್ ಹೋಲ್ಡರ್ ಹಾಕಿದ ಮೇಲೆ ಏರಿನಲ್ಲಿ ಮೀಟರ್ 46ಕ್ಕೆ ನಿಲ್ಲುತ್ತಿದೆ, ಸೈಕಲ್ ನಿಲ್ಲುತ್ತಿಲ್ಲ. ಉಳಿದ 4 ವೋಲ್ಟ್ ಹೆಚ್ಚಿನಂಶ ಸೆಲ್ಲುಗಳ ಒಳಗೇ ಹೋಗುತ್ತಿದೆ, ಅದನ್ನು ಒಂದೊಂದು ಗುಂಪಾಗಿ ಅಳೆಯೋದು ಬಾಕಿ. ಇಂಟರ್ನಲ್ಸ್ ಮುಗಿದ ಭಾನುವಾರ ಮೂಡಲಗಿಯಿಂದ ಹೊರಟು, ಗೋಕಾಕ ದಾಟಿ, ಹುಕ್ಕೇರಿವರೆಗೆ ಹೋಗೋದು ಅಂತ ಮಾತಾಗಿದೆ. ಮೀಟರ್ ಹ್ಯಾಂಡಲ್ಲಿನ ಮೇಲೇ ಇರ್ತದೆ.