ಶಸ್ತ್ರವೈದ್ಯನಾದ ಜೋಸೆಫ್ ಲಿಸ್ಟರನ ಚರಿತ್ರೆ

ಆಸ್ಪತ್ರೆಯ ಕತ್ತಿಗೆ ಹೆದರುವವರು ನಮ್ಮ ಹಳ್ಳಿಗಳಲ್ಲಿ ಈಗಲೂ ಇದ್ದಾರೆ. ಸುಮಾರು ನೂರ ಅರುವತ್ತು ವರುಷಗಳ ಕೆಳಗೆ ಆ ಹೆದರಿಕೆಗೆ ತಕ್ಕ ಕಾರಣವೂ ಇತ್ತು. ನೋವು ತಿಳಿಯದಂತೆ ಮಾಡುವ ಕ್ಲೋರೋಫಾರ್ಮು 1847ರಲ್ಲಿಯೇ ಬಳಕೆಗೆ ಬಂದಿತ್ತು. ಆದರೆ ಕೊಯ್ದ ಗಾಯವು ಕೆಲವು ದಿವಸಗಳಲ್ಲಿ ಕೊಳೆತು, ನಂಜು ರಕ್ತಕ್ಕೇರಿ, ರೋಗಿಯು ಸಾಯುವುದು ಸಾಮಾನ್ಯವಾಗಿತ್ತು. ವೈದ್ಯರು ರಕ್ತದ ಕಲೆಗಳಿಂದ ಗಡುಸಾದ ಹಳೆಯ ಅಂಗಿಯನ್ನೇ ತೊಟ್ಟು, ಒಬ್ಬನ ಗಾಯವನ್ನು ಮುಟ್ಟಿದ ಕೈಯಿಂದಲೇ ಇನ್ನೊಬ್ಬನ ಗಾಯವನ್ನು ಮುಟ್ಟುತ್ತಿದ್ದರು. ಕೀವು ಬರುವುದು ಗಾಯ ಮಾಯುವ ಲಕ್ಷಣವೆಂದು ಅನೇಕರು ನಂಬಿದ್ದರು. ಈ ಮರಣಗಳನ್ನು ತಡೆದವರಲ್ಲಿ ಮುಖ್ಯನು ಜೋಸೆಫ್ ಲಿಸ್ಟರನು.

ಈತನು 1827ನೆಯ ಎಪ್ರಿಲ್ 5ರಂದು ಲಂಡನಿನ ಹತ್ತಿರ ಅಪ್ಟನ್ ಎಂಬಲ್ಲಿ ಹುಟ್ಟಿದನು. ಮನೆಯವರು ಕ್ವೇಕರ್ ಸಭೆಯವರು. ತಂದೆಯು ವ್ಯಾಪಾರಿಯಾಗಿದ್ದರೂ ಸೂಕ್ಷ್ಮದರ್ಶಕ ಯಂತ್ರದ ಗಾಜುಗಳನ್ನು ಉತ್ತಮಪಡಿಸಿ ಹೆಸರು ಪಡೆದವನು. ಆದಕಾರಣ ಬರಿಗಣ್ಣಿಗೆ ಕಾಣದ್ದನ್ನು ಹುಡುಕಿ ನೋಡುವ ಅಭ್ಯಾಸವು ಹುಡುಗನಿಗೆ ಮನೆಯಲ್ಲಿಯೇ ದೊರೆಯಿತು.

ಲಂಡನಿನಲ್ಲಿ ವೈದ್ಯಶಾಸ್ತ್ರವನ್ನು ಕಲಿತ ಮೇಲೆ 1853ರಲ್ಲಿ ಎಡಿನ್‌ಬರೋ ಪಟ್ಟಣಕ್ಕೆ, ಜೇಮ್ಸ್ ಸೈಮ್ ಎಂಬ ಹೆಸರಾಂತ ಶಸ್ತ್ರವೈದ್ಯನ ಬಳಿಗೆ ಹೋದನು. ಸ್ವಲ್ಪ ಕಾಲ ಇರಬೇಕೆಂದು ಹೋದವನು ಏಳು ವರುಷ ಅಲ್ಲಿಯೇ ನಿಂತನು. ಸೈಮನು ಖಂಡಿತವಾದಿ, ಜಗಳಕ್ಕೆ ಹಿಂಜರಿಯದವನು. ಲಿಸ್ಟರನೋ ಸಂಕೋಚ ಸ್ವಭಾವದವನು, ಮಾತಿನಲ್ಲಿ ಕೆಲವು ಸಾರಿ ತೊದಲುವವನು. ಆದಾಗ್ಯೂ ಗುರುಶಿಷ್ಯರ ಮನಸ್ಸು ಕೂಡಿತು. 1856ರಲ್ಲಿ ಲಿಸ್ಟರನು ಗುರುವಿನ ಮಗಳಾದ ಆಗ್ನೆಸಳನ್ನು ಮದುವೆಯಾದನು. ಹೊರಗಿನವರನ್ನು ಮದುವೆಯಾಗುವುದಕ್ಕೆ ಕ್ವೇಕರರ ಕಟ್ಟಳೆ ಒಪ್ಪದ್ದರಿಂದ ಆ ಸಭೆಯನ್ನು ಬಿಟ್ಟು ಎಪಿಸ್ಕೋಪಲ್ ಸಭೆಯನ್ನು ಸೇರಿದನು. ಅವರಿಗೆ ಮಕ್ಕಳಾಗಲಿಲ್ಲ. ಗಂಡನು ಪರೀಕ್ಷಿಸಿ ಹೇಳಿದ್ದನ್ನು ಹೆಂಡತಿಯು ಗಂಟೆಗಟ್ಟಲೆ ಕೂತು ಬರೆದಿಡುತ್ತಿದ್ದಳು.

1860ರಲ್ಲಿ ಗ್ಲಾಸ್ಗೋ ಪಟ್ಟಣದಲ್ಲಿ ಉಪಾಧ್ಯಾಯನಾದ ಮೇಲೆ ತನ್ನ ರೋಗಿಗಳು ಒಬ್ಬೊಬ್ಬರಾಗಿ ಸಾಯುವುದನ್ನು ಕಂಡು ಬಹಳವಾಗಿ ನೊಂದನು. ವಸ್ತುಗಳು ಕೊಳೆಯುವುದಕ್ಕೆ ಸೂಕ್ಷ್ಮಜೀವಿಗಳೇ ಕಾರಣವೆಂದು ಫ್ರಾನ್ಸಿನ ಲೂಯಿ ಪಾಸ್ಟರನು ತೋರಿಸಿದ್ದ ವಿಷಯವು ಆಗ ಅವನಿಗೆ ತಿಳಿಯಿತು. ಹಾಗಾದರೆ ಗಾಯವೂ ಅವುಗಳಿಂದಲೇ ಕೊಳೆಯುತ್ತಿರಬೇಕಷ್ಟೆ! ಕಾರ್ಲೈಲ್ ಪಟ್ಟಣದವರು ಚರಂಡಿಯ ದುರ್ಗಂಧವನ್ನು ಹೋಗಲಾಡಿಸಲು ಕಾರ್ಬಾಲಿಕ್ ಆಮ್ಲವನ್ನು ಬಳಸಿದ್ದರು. ಅದನ್ನೇ ಪರೀಕ್ಷಿಸಬೇಕೆಂದು ನಿಶ್ಚಯಿಸಿದನು.

1865ನೆಯ ಆಗಸ್ಟ್ 12ರಂದು ಜೇಮ್ಸ್ ಗ್ರೀನ್‌ಲೀಸ್ ಎಂಬ 11 ವರುಷದ ಹುಡುಗನನ್ನು ಆಸ್ಪತ್ರೆಗೆ ತಂದರು. ಗಾಡಿಯ ಚಕ್ರ ಹರಿದು ಕಾಲಿನ ಎಲುಬು ಮುರಿದು, ಚರ್ಮವೂ ಸೀಳಿತ್ತು. ಇಂಥ ಪೆಟ್ಟಿಗೆ ಆ ಕಾಲದಲ್ಲಿ ಅನೇಕ ಸಾರಿ ಕಾಲನ್ನೇ ಕಡಿಯುತ್ತಿದ್ದರು. ಲಿಸ್ಟರನು ಕಡಿಯದೆ, ಕಾರ್ಬಾಲಿಕ್ ಆಮ್ಲದಲ್ಲಿ ನೆನಸಿದ ಬಟ್ಟೆಯಿಂದ ಗಾಯವನ್ನು ಮುಚ್ಚಿ ಕಟ್ಟಿದನು. ನಾಲ್ಕು ದಿನಗಳ ತರುವಾಯ ಬಿಚ್ಚಿ ನೋಡಿದಾಗ ಕೊಳೆತ ವಾಸನೆ ಇರಲಿಲ್ಲ. ಆರು ವಾರಗಳಲ್ಲಿ ಎಲುಬು ಕೂಡಿ ಹುಡುಗನು ಗುಣಹೊಂದಿದನು. ಮುಂಚೆ ಲಿಸ್ಟರನು ಕೈಕಾಲು ಕಡಿದ 35 ಜನರಲ್ಲಿ 16 ಜನರು ಸತ್ತಿದ್ದರು. ಹೊಸ ಕ್ರಮ ಬಂದ ಮೇಲೆ 40 ಜನರಲ್ಲಿ ಸತ್ತವರು ಆರೇ ಮಂದಿ.

ಆದರೂ ಕಣ್ಣಿಗೆ ಕಾಣದ ಕ್ರಿಮಿಗಳ ಮಾತನ್ನು ಕೇಳಿ ಅನೇಕ ವೈದ್ಯರು ನಕ್ಕರು. ಮುದುಕನಾದ ಸೈಮನು ನಗಲಿಲ್ಲ. ಅಳಿಯನ ಕ್ರಮವನ್ನು ತಾನೇ ಅನುಸರಿಸಿದನು. ಕಲಿಸಿದವನು ಕಲಿತವನಿಂದ ಕಲಿಯುವುದು ಸುಲಭವಲ್ಲ. 1869ರಲ್ಲಿ ಸೈಮನು ಪಾರ್ಶ್ವವಾಯುವಿನಿಂದ ಬಿದ್ದಾಗ ಅವನ ಸ್ಥಾನಕ್ಕೆ ಲಿಸ್ಟರನೇ ಬಂದನು. ಮರುವರುಷ ಗುರುವು ತೀರಿಹೋದನು.

1877ರಲ್ಲಿ ಲಿಸ್ಟರನು ನಾಲ್ವರು ಶಿಷ್ಯರನ್ನು ಕರಕೊಂಡು ಲಂಡನಿಗೆ ಹೋದನು. ಎಡಿನ್‌ಬರೋದಲ್ಲಿ ನೂರಾರು ಜನ ಕೇಳುತ್ತಿದ್ದ ಅವನ ಪಾಠಕ್ಕೆ ಇಲ್ಲಿ ಬಂದವರು ಕೆಲವರೇ. ಅವನು ವಾದಿಸಿ ಗೆಲ್ಲುವವನಲ್ಲ. ಅದೇ ವರುಷ ಒಬ್ಬನ ಮೊಣಕಾಲಿನ ಕೀಲನ್ನು ತೆರೆದು ಮುರಿದ ಚಿಪ್ಪನ್ನು ಬೆಳ್ಳಿಯ ತಂತಿಯಿಂದ ಕಟ್ಟಿದನು. ಕೀಲನ್ನು ತೆರೆಯುವುದೆಂದರೆ ಕೊಲ್ಲುವುದೆಂದೇ ಆಗಿನ ವೈದ್ಯರ ಎಣಿಕೆ. ರೋಗಿಯು ಗುಣಹೊಂದಿದನು.

ಗಾಳಿಯಲ್ಲಿರುವ ಕ್ರಿಮಿಗಳನ್ನು ಕೊಲ್ಲಲು ಅವನು ವರುಷಗಟ್ಟಲೆ ಔಷಧದ ತುಂತುರನ್ನು ಹಾರಿಸುತ್ತಿದ್ದನು. ಅದು ಬೇಕಿಲ್ಲವೆಂದು ಕಂಡಾಗ 1890ರಲ್ಲಿ ಬರ್ಲಿನಿನ ಸಭೆಯಲ್ಲಿ ದೇಶದೇಶಗಳ ವೈದ್ಯರ ಮುಂದೆ ಅದನ್ನು ಒಪ್ಪಿಕೊಂಡನು. ನಮಗೆ ಅವನ ಕೀರ್ತಿಗಿಂತಲೂ ಈ ಒಪ್ಪಿಗೆಯು ದೊಡ್ಡದಾಗಿ ಕಾಣುತ್ತದೆ.

1893ರಲ್ಲಿ ಆಗ್ನೆಸಳು ಇಟಲಿಯಲ್ಲಿ ತೀರಿಕೊಂಡಳು. ಆ ಮೇಲೆ ಅವನಲ್ಲಿ ಮುಂಚಿನ ಉತ್ಸಾಹ ಉಳಿಯಲಿಲ್ಲ. 1897ರಲ್ಲಿ ಲಾರ್ಡ್ ಪದವಿ ಬಂತು. 1912ನೆಯ ಫೆಬ್ರವರಿ 10ರಂದು ವಾಲ್ಮರಿನಲ್ಲಿ ಮೃತನಾದನು. ಉತ್ತರಕ್ರಿಯೆಯ ಆರಾಧನೆಯು ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ನಡೆದರೂ, ಅವನ ಇಷ್ಟದಂತೆ ವೆಸ್ಟ್ ಹ್ಯಾಂಪ್‌ಸ್ಟೆಡ್ ಸ್ಮಶಾನದಲ್ಲಿ ಹೆಂಡತಿಯ ಪಕ್ಕದಲ್ಲಿ ಅವನನ್ನು ಹೂಣಿದರು.