ಆಟ ಕಟ್ಟಿದ ಅರಸ

ಆನ್‌ಲೈನ್ ಕೋರ್ಸ್‌ಗಳಲ್ಲಿ ಪಾಯಿಂಟ್, ಬ್ಯಾಡ್ಜ್, ಲೀಡರ್‌ಬೋರ್ಡ್ ಎಲ್ಲ ನಾವು ನೋಡೇ ಇರ್ತೀವಿ. ಕೆಲಸ, ಸಂಸಾರದ ನಡುವೆ ಓದೋ ದೊಡ್ಡವರು ಅರ್ಧಕ್ಕೇ ಬಿಟ್ಟು ಹೋಗಬಾರದು ಅಂತ ಇಡೋ ಈ ಉಪಾಯಕ್ಕೆ ಈಗಿನ ಹೆಸರು ಗೇಮಿಫಿಕೇಶನ್. ದೊಡ್ಡವರ ಆಟದೊಳಗೆ ಕಲಿಕೆಯನ್ನು ಹೆಣೆದ ಒಬ್ಬರು ನಮ್ಮ ಶ್ರೀರಂಗಪಟ್ಟಣದಲ್ಲೇ ಹುಟ್ಟಿದ್ದರು. ಅವರೇ ಮುಮ್ಮಡಿ ಕೃಷ್ಣರಾಜ ಒಡೆಯರು.

ಹುಟ್ಟಿದ್ದು 1794ರಲ್ಲಿ. 1799ರ ಮೇ 4ರಂದು ಟಿಪ್ಪು ಬಿದ್ದ ಮೇಲೆ, ಜೂನ್ 30ಕ್ಕೆ ಐದು ವರ್ಷದ ಈ ಹುಡುಗನನ್ನು ಮೈಸೂರಿನ ಸಿಂಹಾಸನದ ಮೇಲೆ ಕೂರಿಸಿದರು. ರಾಜ್ಯ ನೋಡಿಕೊಂಡವರು ದಿವಾನ್ ಪೂರ್ಣಯ್ಯ. ದೊಡ್ಡವರಾಗಿ ತಾವೇ ಆಳಿದರು. ಆದರೆ ನಗರದ ರೈತರ ದಂಗೆಯ ನಂತರ, 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡರು. ಪಟ್ಟ ಉಳೀತು, ಅಧಿಕಾರ ಹೋಯ್ತು. ವಾಪಸ್ ಕೇಳ್ತಾನೇ ಇದ್ದರು, ಸಿಗಲೇ ಇಲ್ಲ.

ಆದರೂ ಅವರು ಸುಮ್ಮನೆ ಕೂರಲಿಲ್ಲ. 1833ರಲ್ಲಿ ಮೈಸೂರಲ್ಲಿ ಶಾಲೆ ತೆರೆದರು. ಅವರ ಶ್ರೀತತ್ತ್ವನಿಧಿ ಗ್ರಂಥದ ಒಂಬತ್ತು ಭಾಗಗಳಲ್ಲಿ ಕೌತುಕನಿಧಿ ಅನ್ನೋದರಲ್ಲಿ ಆಟಗಳೂ ಇವೆ. ಚದುರಂಗದ ಕುದುರೆ ಎಲ್ಲ ಮನೆಗಳನ್ನೂ ಒಂದೊಂದೇ ಸಲ ಮೆಟ್ಟಿ ಬರಬೇಕು ಅನ್ನೋ ಲೆಕ್ಕ ಇದೆಯಲ್ಲ, ನಾವು ಬ್ಯಾಕ್‌ಟ್ರ್ಯಾಕಿಂಗ್ ಕಲಿಯೋವಾಗ ಬರೋದು, ಅದಕ್ಕೂ ಉತ್ತರ ಕಟ್ಟಿದ್ದರು.

ಗಂಜೀಫಾ ಎಲೆಯಾಟವನ್ನಂತೂ ಬೆಳೆಸೇಬಿಟ್ಟರು. ದಶಾವತಾರದ ಕಟ್ಟಿನಲ್ಲಿ 120 ಎಲೆ. ಇವರ ಚಾಮುಂಡೇಶ್ವರಿ ಛದದಲ್ಲಿ 16 ಬಣ್ಣ, 320 ಎಲೆ! ಎಲೆಯ ಮೇಲಿನ ದೇವರು ಯಾರು, ಯಾವ ಪರಿವಾರ ಅಂತ ಗೊತ್ತಿಲ್ಲದಿದ್ದರೆ ಆಡೋಕೇ ಆಗಲ್ಲ. ಆಡ್ತಾ ಆಡ್ತಾ ಪುರಾಣ ತಲೆಗೆ ಹತ್ತುತ್ತೆ.

ನಮಗೆ ಮುಖ್ಯ ಅನ್ನಿಸಿದ್ದು ಇದೇ. ಕೋರ್ಸ್‌ನಿಂದ ಪಾಠ ತೆಗೆದುಬಿಟ್ಟರೂ ಬ್ಯಾಡ್ಜ್ ಬ್ಯಾಡ್ಜೇ. ಅದಕ್ಕೇ ವೀಡಿಯೋ ಓಡಿಸಿ, ಕ್ವಿಜ್ ಊಹೆ ಮಾಡಿ ಪಾಯಿಂಟ್ ಗಿಟ್ಟಿಸಬಹುದು. ಒಡೆಯರ ಎಲೆಯಿಂದ ಪಾಠ ತೆಗೆದರೆ ಆಟವೇ ಉಳಿಯಲ್ಲ. ಅನುಭವ ಇರೋ ದೊಡ್ಡವರಿಗೆ ನಕ್ಷತ್ರದ ಸ್ಟಿಕರ್ ಸಾಲದು, ಬುದ್ಧಿಗೆ ಕೆಲಸ ಬೇಕು.

ಅವರು ತೀರಿಕೊಂಡಿದ್ದು 1868ರ ಮಾರ್ಚ್ 27ರಂದು. ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಅವರ ಆಟದ ಹಾಸುಗಳ ಚಿತ್ರಗಳಿವೆ. ನಾಗಮಂಗಲ, ಕೆ.ಆರ್. ಪೇಟೆ, ಪಾಂಡವಪುರದ ಗೆಳೆಯರೇ, ಮುಂದಿನ ಪ್ರಾಜೆಕ್ಟ್‌ಗೆ ಲರ್ನಿಂಗ್ ಆ್ಯಪ್ ಮಾಡೋರಿದ್ದರೆ ಬ್ಯಾಡ್ಜ್ ಡಿಸೈನ್ ಆಮೇಲಿರಲಿ, ಮೊದಲು ಪಾಠವನ್ನೇ ಆಟ ಮಾಡೋಣ.