ಕಿಡಿಯಿಂದ ಕಿಡಿಗೆ: ಟೆಸ್ಲಾ ಮತ್ತು ಒಂದು ಪುಟ್ಟ ದೋಣಿ

ಕಳೆದ ಸೆಮಿಸ್ಟರ್‌ನಲ್ಲಿ ನಾವು ನಾಲ್ಕು ಜನ ಸೇರಿ ಒಂದು ರಿಮೋಟ್ ಕಂಟ್ರೋಲ್ ದೋಣಿ ಮಾಡಿದ್ವಿ. ಟೇಬಲ್ ಮೇಲೆ ಇಟ್ಟಾಗ ಚುಕ್ಕಾಣಿ ಸರಿಯಾಗಿ ತಿರುಗ್ತಿತ್ತು. ನೀರಿಗೆ ಬಿಟ್ಟು ಮೋಟಾರ್ ಆನ್ ಮಾಡಿದ ತಕ್ಷಣ ಮೈಮೇಲೆ ದೇವರು ಬಂದ ಹಾಗೆ ನಡುಗೋಕೆ ಶುರು! ಎರಡು ದಿನ ಕೋಡ್ ನೋಡಿದ್ವಿ, ಬ್ಯಾಟರಿ ಬದಲಾಯಿಸಿದ್ವಿ. ಕೊನೆಗೆ ಗೊತ್ತಾಯ್ತು, ಮೋಟಾರಿನ ಬ್ರಶ್‌ಗಳಲ್ಲಿ ಏಳುವ ಕಿಡಿ ರಿಸೀವರ್‌ಗೆ ತೊಂದರೆ ಕೊಡ್ತಿತ್ತು. ಮೋಟಾರಿನ ಎರಡು ಟರ್ಮಿನಲ್ ನಡುವೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಬೆಸುಗೆ ಹಾಕಿ, ಆಂಟೆನಾ ವೈರನ್ನು ದೂರ ಸರಿಸಿದ ಮೇಲೆ ನಡುಕ ನಿಂತಿತು. ಇಂಥ ದೋಣಿಯನ್ನು ಮೊದಲು ಮಾಡಿದವರು ಯಾರು ಅಂತ ಹುಡುಕಿದಾಗ ಸಿಕ್ಕ ಹೆಸರು ನಿಕೋಲಾ ಟೆಸ್ಲಾ.

ಟೆಸ್ಲಾ ಹುಟ್ಟಿದ್ದು 1856ರ ಜುಲೈ 10ರಂದು, ಇವತ್ತಿನ ಕ್ರೊಯೇಷಿಯಾದ ಸ್ಮಿಲ್ಯಾನ್ ಎಂಬ ಹಳ್ಳಿಯಲ್ಲಿ. ತಂದೆ ಚರ್ಚಿನ ಪಾದ್ರಿ. ತಾಯಿ ಹೆಚ್ಚು ಓದಿದವರಲ್ಲ, ಆದರೆ ಮನೆಗೆ ಬೇಕಾದ ಸಣ್ಣಪುಟ್ಟ ಉಪಕರಣಗಳನ್ನು ತಾವೇ ಮಾಡಿಕೊಳ್ಳುತ್ತಿದ್ದರು. 1875ರಲ್ಲಿ ಟೆಸ್ಲಾ ಗ್ರಾಜ್ ನಗರದ ಪಾಲಿಟೆಕ್ನಿಕ್ ಸೇರಿದರು. ಅಲ್ಲಿ ಪ್ರೊಫೆಸರ್ ಒಬ್ಬರು ಡಿಸಿ ಯಂತ್ರವನ್ನು ಓಡಿಸಿ ತೋರಿಸುವಾಗ ಬ್ರಶ್‌ಗಳಲ್ಲಿ ಕಿಡಿ ಹಾರುತ್ತಿತ್ತು. ಬ್ರಶ್ ಇಲ್ಲದೆಯೇ ಮೋಟಾರ್ ಮಾಡಬಹುದಲ್ವಾ ಅಂತ ಟೆಸ್ಲಾ ಕೇಳಿದರು. ಅದು ಆಗದ ಮಾತು ಅಂತ ಪ್ರೊಫೆಸರ್ ಇಡೀ ಕ್ಲಾಸಿನ ಮುಂದೆ ವಿವರಿಸಿದರು. ಮೊದಲ ವರ್ಷ ಚೆನ್ನಾಗಿ ಓದಿದ ಹುಡುಗ ಆಮೇಲೆ ಜೂಜಿಗೆ ಬಿದ್ದ. ಡಿಗ್ರಿ ಮುಗಿಯಲೇ ಇಲ್ಲ.

ಆದರೆ ಆ ಕಿಡಿ ತಲೆಯಿಂದ ಹೋಗಲಿಲ್ಲ. 1882ರಲ್ಲಿ ಬುಡಾಪೆಸ್ಟಿನ ಪಾರ್ಕಿನಲ್ಲಿ ಗೆಳೆಯನ ಜೊತೆ ನಡೆಯುವಾಗ ತಿರುಗುವ ಕಾಂತಕ್ಷೇತ್ರದ ಐಡಿಯಾ ಹೊಳೆಯಿತು. 1884ರಲ್ಲಿ ಅಮೆರಿಕಕ್ಕೆ ಬಂದು ಎಡಿಸನ್ ಕಂಪನಿಯಲ್ಲಿ ಕೆಲವೇ ತಿಂಗಳು ದುಡಿದರು. ಕೆಲಸ ಬಿಟ್ಟ ಮೇಲೆ ಹೊಟ್ಟೆಪಾಡಿಗೆ ಗುಂಡಿ ಅಗೆಯುವ ಕೂಲಿಯನ್ನೂ ಮಾಡಿದರು. 1888ರಲ್ಲಿ ಇಂಡಕ್ಷನ್ ಮೋಟಾರಿಗೆ ಪೇಟೆಂಟ್ ಸಿಕ್ಕಿತು. ನಮ್ಮ ಮೆಷಿನ್ಸ್ ಲ್ಯಾಬಿನಲ್ಲಿ ಗುಂಯ್‌ಗುಡುವುದು ಅದೇ ಮೋಟಾರ್.

1895ರಲ್ಲಿ ನ್ಯೂಯಾರ್ಕಿನ ಅವರ ಲ್ಯಾಬ್ ಸುಟ್ಟು ಬೂದಿಯಾಯಿತು. ಮಾದರಿಗಳು, ನೋಟ್ಸ್ ಎಲ್ಲಾ ಹೋಯ್ತು. ನಾವಾಗಿದ್ರೆ ಕೈಬಿಡ್ತಿದ್ವಿ. ಅವರು ಹೊಸ ಲ್ಯಾಬ್ ಮಾಡಿ, ಮೂರೇ ವರ್ಷದಲ್ಲಿ ದೋಣಿ ತಯಾರು ಮಾಡಿದರು. 1898ರ ನವೆಂಬರ್ 8ರಂದು ಅದಕ್ಕೆ ಪೇಟೆಂಟ್ ಬಂತು. ಪೇಟೆಂಟ್ ಕಚೇರಿಯ ಪರೀಕ್ಷಕರು ಸುಲಭಕ್ಕೆ ನಂಬದೆ, ಖುದ್ದಾಗಿ ನೋಡೋಕೆ ಬಂದರು ಅಂತ ಟೆಸ್ಲಾ ಅವರೇ ಬರೆದುಕೊಂಡಿದ್ದಾರೆ.

ಆಗ ಟ್ರಾನ್ಸಿಸ್ಟರ್ ಇರಲಿಲ್ಲ, ವಾಲ್ವ್ ಕೂಡ ಇರಲಿಲ್ಲ. ರಿಸೀವರ್ ಅಂದ್ರೆ ಲೋಹದ ಪುಡಿ ತುಂಬಿದ ಒಂದು ಪುಟ್ಟ ಕೊಳವೆ. ರೇಡಿಯೋ ಅಲೆ ಬಂದಾಗ ಪುಡಿಯಲ್ಲಿ ಕರೆಂಟ್ ಹರಿದು ರಿಲೇ ಎಳೆಯುತ್ತಿತ್ತು. ತೊಂದರೆ ಏನಂದ್ರೆ, ಅಲೆ ನಿಂತರೂ ಪುಡಿ ಮೊದಲಿನಂತೆ ಆಗುತ್ತಿರಲಿಲ್ಲ. ಅದಕ್ಕೆ ಪ್ರತಿ ಸಿಗ್ನಲ್ ಆದ ಮೇಲೆ ಕೊಳವೆಯೇ ತಲೆಕೆಳಗಾಗಿ ತಿರುಗುವ ವ್ಯವಸ್ಥೆ ಮಾಡಿದರು. ಒಂದು ಸಿಗ್ನಲ್‌ಗೆ ಒಂದು ಹೆಜ್ಜೆ: ಎಡಕ್ಕೆ, ನಿಲ್ಲು, ಬಲಕ್ಕೆ, ನಿಲ್ಲು.

ಇನ್ನೊಂದು ತೊಂದರೆ ನಮ್ಮದೇ. ಬೇರೆ ಯಾರದೋ ಕಿಡಿಗೂ ದೋಣಿ ಓಗೊಟ್ಟರೆ? ಎರಡು ಬೇರೆ ಬೇರೆ ಫ್ರೀಕ್ವೆನ್ಸಿಗಳು ಒಟ್ಟಿಗೆ ಬಂದರೆ ಮಾತ್ರ ಕೆಲಸ ಮಾಡುವ ರಿಸೀವರ್ ಯೋಚಿಸಿ, 1900ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ನಾವು ಬ್ರೆಡ್‌ಬೋರ್ಡ್ ಮೇಲೆ ಕಟ್ಟುವ ಆಂಡ್ ಗೇಟಿನ ತರ್ಕವೇ ಅದು.

ಅಮೆರಿಕದ ನೌಕಾಪಡೆ ಈ ದೋಣಿಯನ್ನು ಕೊಳ್ಳಲಿಲ್ಲ. ತಂತಿಯಿಲ್ಲದೆ ಜಗತ್ತಿಗೇ ಸಂದೇಶ ಮತ್ತು ಕರೆಂಟ್ ಕಳಿಸುವ ಕನಸಿನಿಂದ ಕಟ್ಟಿಸಲು ಹೊರಟ ವಾರ್ಡನ್‌ಕ್ಲಿಫ್ ಗೋಪುರ ಹಣವಿಲ್ಲದೆ ನಿಂತು, 1917ರಲ್ಲಿ ಕೆಡವಲ್ಪಟ್ಟಿತು. ಕೊನೆಯ ವರ್ಷಗಳನ್ನು ಹೋಟೆಲ್ ರೂಮುಗಳಲ್ಲಿ, ಪಾರಿವಾಳಗಳಿಗೆ ಕಾಳು ಹಾಕುತ್ತಾ ಕಳೆದರು. 1943ರ ಜನವರಿ 7ರಂದು ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಒಬ್ಬರೇ ಇದ್ದಾಗ ತೀರಿಕೊಂಡರು. 1960ರಲ್ಲಿ ಕಾಂತಕ್ಷೇತ್ರದ ಅಳತೆಯ ಮೂಲಮಾನಕ್ಕೆ ಅವರ ಹೆಸರಿಟ್ಟರು.

ಡಿಗ್ರಿ ಇಲ್ಲದೆಯೂ ಟೆಸ್ಲಾ ಆಗಬಹುದು ಅಂತ ಹೇಳೋಕೆ ಇದನ್ನು ಬರೆದಿಲ್ಲ, ನನಗೂ ಇಂಟರ್ನಲ್ಸ್ ಇದೆ! ಆದರೆ ಕ್ಲಾಸಿನಲ್ಲಿ ಎಲ್ಲರೂ ನೋಡಿದ ಕಿಡಿಯನ್ನು ಅವರೊಬ್ಬರೇ ಪ್ರಶ್ನೆ ಮಾಡಿದರು. ಮುಂದಿನ ಸಲ ನಿಮ್ಮ ಪ್ರಾಜೆಕ್ಟ್ ನಡುಗಿದರೆ, ಕೋಡ್ ತೆರೆಯೋ ಮುಂಚೆ ಒಮ್ಮೆ ಮೋಟಾರಿನ ಕಡೆ ನೋಡಿ.